ಮೂರು ಮತಗಳಲ್ಲಿ ಎರಡನ್ನು ನುಂಗಿದವರು ಯಾರು?

ಕಳೆದ ವರ್ಷ ಶಿಗ್ಗಾಂವಿ ಉಪಚುನಾವಣೆಯ ಗದ್ದಲದ ದಿನಗಳಲ್ಲಿ ಒಬ್ಬ ಹಿರಿಯ ಗೀಗೀ ಹಾಡುಗಾರರ ಮನೆಗೆ ರೆಕಾರ್ಡರ್ ಹಿಡಿದುಕೊಂಡು ಹೋಗಿದ್ದೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ನನ್ನ ಸಂಶೋಧನೆ ನಡೆದಿರುವುದು ಗೀಗೀ ಮೇಳಗಳ ಮೇಲೆ. ಸ್ವಾತಂತ್ರ್ಯ ಚಳವಳಿಯಿಂದ ಹಿಡಿದು ಕುಟುಂಬ ಯೋಜನೆ, ಸಾಕ್ಷರತೆ, ಮತದಾನ ಜಾಗೃತಿಯವರೆಗೆ ಕಾಲಕಾಲಕ್ಕೆ ಸರ್ಕಾರಕ್ಕೂ ಚಳವಳಿಗಳಿಗೂ ಬೇಕಾದದ್ದನ್ನೆಲ್ಲ ಹಾಡಿಕೊಂಡು ಬಂದ ಮೇಳಗಳು ಇವು. ಅಜ್ಜನ ಬಳಿ ಮತದಾನದ ಮೇಲೊಂದು ಪದ ಇತ್ತು. ಒಂದೊಂದು ಚುನಾವಣೆಗೆ ಒಂದೊಂದು ನುಡಿ: ಊರಿನದಕ್ಕೊಂದು, ತಾಲೂಕಿನದಕ್ಕೊಂದು, ಜಿಲ್ಲೆಯದಕ್ಕೊಂದು, ಬೆಂಗಳೂರಿನದಕ್ಕೊಂದು, ದಿಲ್ಲಿಯದಕ್ಕೊಂದು. ಹಿಂದಿನ ಸಲ ನಾನೇ ಅದನ್ನು ಪೂರ್ತಿ ಬರೆದುಕೊಂಡಿದ್ದೆ. ಈ ಸಲ ಊರಿನ ನುಡಿ ಮುಗಿಸಿದವರು ನೇರ ಬೆಂಗಳೂರಿಗೆ ಜಿಗಿದುಬಿಟ್ಟರು.

"ನಡುವಿನ ಎರಡು ನುಡಿ ಬಿಟ್ರೆಲ್ಲ ಅಜ್ಜಾರ?" ಎಂದೆ.

"ಅವು ಎಲ್ಲಿ ಅದಾವ ತಂಗಿ ಈಗ? ಇಲ್ಲದ್ದನ್ನ ಹಾಡಿದ್ರ ಮಂದಿ ನಗತಾರ."

ಜಾನಪದ ವಿದ್ಯಾರ್ಥಿನಿಯಾಗಿ ನಾನು ಮಾಡಬೇಕಾದದ್ದನ್ನೇ ಮಾಡಿದೆ. ಟಿಪ್ಪಣಿ ಪುಸ್ತಕದಲ್ಲಿ 'ಪಾಠಾಂತರ' ಎಂದು ಬರೆದು, ದಿನಾಂಕ ಹಾಕಿ, ಚಹಾ ಕುಡಿದು ಬಂದೆ. ಹೊರಟ ಮೇಲೆ ಬಸ್ಸಿನಲ್ಲಿ ಕುಳಿತಾಗ ನಾಚಿಕೆಯಾಯಿತು. ಸಂವಿಧಾನ ಕೊಟ್ಟ ಎರಡು ಚುನಾವಣೆಗಳು ನನ್ನ ಕಣ್ಣೆದುರೇ ಮಾಯವಾಗಿವೆ. ಅದು ಒಬ್ಬ ಹಾಡುಗಾರನ ಗಮನಕ್ಕೆ ಬಂದಿದೆ, ಪಿಎಚ್‌.ಡಿ. ಮಾಡುತ್ತಿರುವ ನನಗೆ ಬಂದಿಲ್ಲ.

ಲೆಕ್ಕ ಹೇಳುತ್ತೇನೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತ್ ಮತ್ತು ತಾಲೂಕು ಪಂಚಾಯತ್‌ಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅಂದಿನಿಂದ ಈ 2025ರ ಡಿಸೆಂಬರ್‌ವರೆಗೆ ಚುನಾವಣೆ ಇಲ್ಲ. ಆ ಕುರ್ಚಿಗಳಲ್ಲಿ ಆಡಳಿತಾಧಿಕಾರಿಗಳಿದ್ದಾರೆ. ನನಗೆ ಈಗ 28. 2016ರಲ್ಲಿ ನಾನು ಹಾಕಿದ ನನ್ನ ಬದುಕಿನ ಮೊದಲ ಮತ ಆ ಚುನಾವಣೆಯದ್ದೇ. ಅದೇ ಮೊದಲನೆಯದು, ಅದೇ ಕೊನೆಯದು. 1999ರಲ್ಲಿ ಹುಟ್ಟಿದ ನನ್ನ ತಮ್ಮ ಇದುವರೆಗೆ ತನ್ನ ತಾಲೂಕಿಗೆ, ತನ್ನ ಜಿಲ್ಲೆಗೆ ಒಬ್ಬನನ್ನೂ ಆರಿಸಿ ಕಳಿಸಿಲ್ಲ. ಅವನೊಬ್ಬನೇ ಅಲ್ಲ. 1998ರ ಜನವರಿ 1ರ ನಂತರ ಹುಟ್ಟಿದ ಕರ್ನಾಟಕದ ಯಾವ ಹಳ್ಳಿಯ ಯಾವ ಹುಡುಗ, ಹುಡುಗಿಯೂ ಆ ಮತ ಹಾಕಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು. ಹಳ್ಳಿಯಿಂದ ಬಂದವರಾಗಿದ್ದರೆ ನಿಮ್ಮದೇ ಬೆರಳು ನೋಡಿಕೊಳ್ಳಿ.

ಈ ಅವಧಿಯಲ್ಲಿ ಚುನಾವಣೆಗಳೇ ನಡೆದಿಲ್ಲ ಎನ್ನುವ ಹಾಗೂ ಇಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ. ಹಾನಗಲ್ಲಿನ ಶಾಸಕರಾಗಿದ್ದ ಸಿ.ಎಂ. ಉದಾಸಿಯವರು 2021ರ ಜೂನ್‌ನಲ್ಲಿ ತೀರಿಕೊಂಡರು. ಅಕ್ಟೋಬರ್ 30ಕ್ಕೆ ಉಪಚುನಾವಣೆ ಮುಗಿದಿತ್ತು. 2023ರ ಮೇ 10ಕ್ಕೆ ವಿಧಾನಸಭೆ. 2024ರ ಮೇ 7ಕ್ಕೆ ಲೋಕಸಭೆ. (ನಮ್ಮ ಜಿಲ್ಲೆ ಹಾವೇರಿ, ಆದರೆ ಲೋಕಸಭೆಗೆ ಶಿಗ್ಗಾಂವಿಯವರಾದ ನಾವು ಧಾರವಾಡದವರು. ಈ ವಿಚಿತ್ರವನ್ನು ನಮ್ಮಜ್ಜಿಗೆ ವಿವರಿಸಿ ವಿವರಿಸಿ ಸಾಕಾಗಿದೆ.) ನಮ್ಮ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿಯವರು ಸಂಸದರಾಗಿ ಜೂನ್‌ನಲ್ಲಿ ಶಾಸಕ ಸ್ಥಾನ ಬಿಟ್ಟರು, ನವೆಂಬರ್ 13ಕ್ಕೆ ಉಪಚುನಾವಣೆ. ಐದು ತಿಂಗಳು. ಖಾಲಿಯಾದ ಶಾಸಕ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು ಎಂದು ಜನಪ್ರತಿನಿಧಿ ಕಾಯ್ದೆಯ 151ಎ ಕಲಂ ಹೇಳುತ್ತದೆ. ಅದನ್ನು ಪಾಲಿಸಲು ಇಡೀ ಸರ್ಕಾರವೇ ಶಿಗ್ಗಾಂವಿ, ಬಂಕಾಪುರ, ಸವಣೂರಿನ ರಸ್ತೆಗಳಲ್ಲಿ ಬೀಡುಬಿಟ್ಟಿತ್ತು. ಮಂತ್ರಿಗಳು ಯಾವ ಖಾನಾವಳಿಯಲ್ಲಿ ರೊಟ್ಟಿ ತಿಂದರು ಎಂಬುದೂ ಸುದ್ದಿಯಾಯಿತು. ಹದಿನೆಂಟು ತಿಂಗಳಲ್ಲಿ ಒಂದೇ ಮತಗಟ್ಟೆಗೆ ಮೂರು ಸಲ ಹೋಗಿ ಬಂದೆ. ಒಬ್ಬ ಶಾಸಕನ ಕುರ್ಚಿ ಐದು ತಿಂಗಳು ಖಾಲಿ ಇರಲು ಬಿಡದ ವ್ಯವಸ್ಥೆ, ರಾಜ್ಯದ ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯತ್ ಸದಸ್ಯರ, ಅದರ ಮೂರುಪಟ್ಟಿಗೂ ಮಿಕ್ಕ ತಾಲೂಕು ಪಂಚಾಯತ್ ಸದಸ್ಯರ ಕುರ್ಚಿಗಳನ್ನು ನಾಲ್ಕೂವರೆ ವರ್ಷ ಖಾಲಿ ಇಟ್ಟುಕೊಂಡು ಆರಾಮಾಗಿ ನಿದ್ದೆ ಮಾಡುತ್ತಿದೆ.

ಸಂವಿಧಾನ ಈ ಬಗ್ಗೆ ಮೌನವಾಗಿದ್ದರೆ ಒಂದು ಮಾತು. ಅದು ಮೌನವಾಗಿಲ್ಲ. 73ನೇ ತಿದ್ದುಪಡಿಯಿಂದ ಬಂದ 243ಇ ವಿಧಿಯನ್ನು ಓದಿ. ಪಂಚಾಯತಿಯ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಪೂರ್ತಿಯಾಗಿರಬೇಕು. ನಡುವೆಯೇ ವಿಸರ್ಜನೆಯಾದರೆ ಆರು ತಿಂಗಳು. ಕಾನೂನಿನ ಭಾಷೆಯಲ್ಲಿ ಇದಕ್ಕಿಂತ ನೇರವಾದ ವಾಕ್ಯ ಸಿಗುವುದು ಕಷ್ಟ. ಇಷ್ಟು ಬಿಗಿಯಾಗಿ ಬರೆಯಲು ಕಾರಣವೂ ಇತ್ತು. ಚುನಾವಣೆಗಳನ್ನು ನಿಯಮಿತವಾಗಿ ನಡೆಸದೆ, ವರ್ಷಗಟ್ಟಲೆ ಆಡಳಿತಾಧಿಕಾರಿಗಳನ್ನು ಕೂರಿಸಿ ಪಂಚಾಯತಿಗಳನ್ನು ಸಾಯಿಸಲಾಗಿದೆ ಎಂದು ಆ ತಿದ್ದುಪಡಿ ಮಸೂದೆಯ ಉದ್ದೇಶಗಳ ಹೇಳಿಕೆಯೇ ಒಪ್ಪಿಕೊಂಡಿತ್ತು. ಅಂದರೆ ನಾವು ಈಗ ಅನುಭವಿಸುತ್ತಿರುವ ರೋಗಕ್ಕೇ ತಯಾರಾದ ಮದ್ದು ಅದು. ಮದ್ದಿನ ಬಾಟಲಿ ಕಪಾಟಿನಲ್ಲಿದೆ.

ಆ ರೋಗ ಕರ್ನಾಟಕಕ್ಕೆ ಹೊಸದೂ ಅಲ್ಲ ಎನ್ನುವುದು ಇನ್ನೂ ಬೇಸರದ ಸಂಗತಿ. ದೇಶಕ್ಕೆ ಪಂಚಾಯತಿಯ ಪಾಠ ಹೇಳಿದ ರಾಜ್ಯ ನಾವು. 1983ರ ಕಾಯ್ದೆ, ಅಬ್ದುಲ್ ನಜೀರ್ ಸಾಬ್, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯತ್ ಚುನಾವಣೆಗಳು, ಮಹಿಳೆಯರಿಗೆ ಶೇ. 25 ಮೀಸಲಾತಿ: ಇವನ್ನೆಲ್ಲ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಮಂತ್ರಿಯ ಹೆಸರು ನಮ್ಮ ಕಡೆಯ ಮುದುಕರ ಬಾಯಲ್ಲಿ ಇವತ್ತಿಗೂ ಇದೆ. ಆದರೆ ಆ ಪಾಠದ ಮುಂದಿನ ಪುಟವನ್ನು ಯಾರೂ ಕಲಿಸುವುದಿಲ್ಲ: 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಕಟ್ಟಿದವರೂ ನಾವೇ, ಬೀಗ ಹಾಕಿದವರೂ ನಾವೇ.

ಈಗ ಸರ್ಕಾರದ ಸಮರ್ಥನೆಗಳಿಗೆ ಬರೋಣ. ಕೋವಿಡ್ ಎಂದರು. ಕೋವಿಡ್ ನಡುವೆಯೇ, 2020ರ ಡಿಸೆಂಬರ್ 22 ಮತ್ತು 27ರಂದು ಇದೇ ರಾಜ್ಯದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ನಡೆದಿದೆ. ಹಾನಗಲ್ ಉಪಚುನಾವಣೆಯೂ ನಡೆದಿದೆ. ಆ ವಾದ ಅಲ್ಲಿಗೆ ಮುಗಿಯಿತು.

ಕ್ಷೇತ್ರ ವಿಂಗಡಣೆ ಎಂದರು. ಇದು ಸ್ವಲ್ಪ ಬಿಡಿಸಿ ನೋಡಬೇಕಾದ ಕಥೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಇನ್ನೇನು ಚುನಾವಣೆ ಎನ್ನುವಾಗ ಸರ್ಕಾರ ಕಾಯ್ದೆಗೇ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದ ಕೈಯಿಂದ ಕಿತ್ತುಕೊಂಡು, ತಾನೇ ನೇಮಿಸಿದ ಬೇರೊಂದು ಆಯೋಗಕ್ಕೆ ಕೊಟ್ಟಿತು. ಮಾಡಿದ ಕೆಲಸ ಮಣ್ಣುಪಾಲಾಯಿತು, ಎಣಿಕೆ ಒಂದರಿಂದ ಮತ್ತೆ ಶುರುವಾಯಿತು. ಆಗ ಅಧಿಕಾರದಲ್ಲಿದ್ದದ್ದು ಬಿಜೆಪಿ. ಮುಖ್ಯಮಂತ್ರಿ ನಮ್ಮದೇ ಕ್ಷೇತ್ರದ ಶಾಸಕರು. ಚುನಾಯಿತ ಸರ್ಕಾರಗಳನ್ನು ಮನಬಂದಂತೆ ಕಿತ್ತೊಗೆಯಬಾರದು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಐತಿಹಾಸಿಕ ತೀರ್ಪು ಅವರ ತಂದೆ ಎಸ್.ಆರ್. ಬೊಮ್ಮಾಯಿಯವರ ಹೆಸರಿನಲ್ಲೇ ಇದೆ. ಬೆಂಗಳೂರಿನ ಚುನಾಯಿತ ಸರ್ಕಾರಕ್ಕೆ ದಿಲ್ಲಿಯ ಎದುರು ಸಿಕ್ಕ ಆ ಗೌರವ, ಹಾವೇರಿಯ ಚುನಾಯಿತ ಸಂಸ್ಥೆಗೆ ಬೆಂಗಳೂರಿನ ಎದುರು ಸಿಗಲಿಲ್ಲ.

ವಿಳಂಬಕ್ಕಾಗಿ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ದಂಡದ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ ಎಂದು ಯೋಚಿಸಿದರೆ ಇದರ ತಮಾಷೆ ಅರ್ಥವಾಗುತ್ತದೆ: ಮತ ಕಳೆದುಕೊಂಡವರೇ ಅದಕ್ಕೆ ದಂಡವನ್ನೂ ಕಟ್ಟಿದರು.

2023ರ ಮೇನಲ್ಲಿ ಸರ್ಕಾರ ಬದಲಾಯಿತು, ಕಾಂಗ್ರೆಸ್ ಬಂತು. ಕುರ್ಚಿಗಳಲ್ಲಿ ಕುಳಿತವರು ಬದಲಾದರು, ಆಡಳಿತಾಧಿಕಾರಿಗಳು ಬದಲಾಗಲಿಲ್ಲ. ಸ್ಥಳೀಯ ಸಂಸ್ಥೆಗಳ ಬಗ್ಗೆ, ವಿಕೇಂದ್ರೀಕರಣದ ಬಗ್ಗೆ ವೇದಿಕೆಗಳಲ್ಲಿ ಚೆನ್ನಾಗಿ ಮಾತಾಡುವ ಮಂತ್ರಿಗಳು ಈ ಸರ್ಕಾರದಲ್ಲಿದ್ದಾರೆ. ಎರಡೂವರೆ ವರ್ಷ ದಾಟಿತು.

ಮೂರನೆಯ ಸಮರ್ಥನೆ ಹಿಂದುಳಿದ ವರ್ಗಗಳ ಮೀಸಲಾತಿ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವವಳಲ್ಲ. ನಾನು ಬಂದಿರುವುದೂ ಅಂಥದೇ ಮನೆಯಿಂದ. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಬೇಕಾದರೆ ಪ್ರತ್ಯೇಕ ಆಯೋಗದ ಅಧ್ಯಯನ ಬೇಕು, ಒಟ್ಟು ಮೀಸಲಾತಿ ಶೇ. 50 ದಾಟಬಾರದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಹೇಳಿತು. ಸರಿ. ಕರ್ನಾಟಕ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗವನ್ನು ನೇಮಿಸಿತು. 2022ರ ಜುಲೈನಲ್ಲೇ ವರದಿ ಬಂತು. ವರದಿ ಬಂದು ಮೂರು ವರ್ಷ ಕಳೆದ ಮೇಲೂ ಅದೇ ಕಾರಣ ಹೇಳುವವರನ್ನು ಏನೆನ್ನಬೇಕು? ಇನ್ನೊಂದು ಸಂಗತಿ: 2022ರ ಮೇನಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಇಂಥ ಅಧ್ಯಯನ ಮುಗಿದಿಲ್ಲ ಎಂಬ ಕಾರಣಕ್ಕೆ ಚುನಾವಣೆ ಮುಂದೂಡುವಂತಿಲ್ಲ, ಇದು ಎಲ್ಲ ರಾಜ್ಯಗಳಿಗೂ ಅನ್ವಯ ಎಂದು ಹೇಳಿದೆ. 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲೂ ಇದೇ ಮಾತು: ಐದು ವರ್ಷದ ಗಡುವು ಕಡ್ಡಾಯ. ಹಿಂದುಳಿದವರ ಹೆಸರಿನಲ್ಲಿ ಚುನಾವಣೆ ನಿಲ್ಲಿಸಿದಾಗ ಹೆಚ್ಚು ಕಳೆದುಕೊಳ್ಳುವವರು ಹಿಂದುಳಿದವರೇ. ಶಾಸಕನ ಟಿಕೆಟ್‌ಗೆ ಕೋಟಿಗಳ ಲೆಕ್ಕ ಬೇಕು. ಕುರುಬರ, ಗಂಗಾಮತಸ್ಥರ, ಲಂಬಾಣಿ ತಾಂಡಾದ ಒಬ್ಬ ಹುಡುಗ ಮನೆಮನೆ ತಿರುಗಿ ಗೆಲ್ಲಬಹುದಾದ ಕ್ಷೇತ್ರ ತಾಲೂಕು ಪಂಚಾಯತಿಯದ್ದು.

ಮಹಿಳೆಯರ ಮಾತು ಇದಕ್ಕಿಂತ ಒಂದು ತೂಕ ಹೆಚ್ಚು. ನಮ್ಮ ಕಾಯ್ದೆಯಲ್ಲಿ ಪಂಚಾಯತಿಗಳ ಅರ್ಧದಷ್ಟು ಸ್ಥಾನ ಮಹಿಳೆಯರದ್ದು. ನಮ್ಮ ಓಣಿಯಲ್ಲೇ ಒಬ್ಬರಿದ್ದಾರೆ, 2016ರಲ್ಲಿ ತಾಲೂಕು ಪಂಚಾಯತಿಗೆ ಗೆದ್ದವರು. ನಾನು ಅವರಿಗೆ ಕಾಕು ಎನ್ನುತ್ತೇನೆ. ಮೊದಲ ವರ್ಷ ಸಭೆಗೆ ಗಂಡನ ಜೊತೆ ಹೋಗುತ್ತಿದ್ದರಂತೆ. ಅವರು ಹೊರಗಿನ ಬೇವಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು, ಸಂಶಯ ಬಂದಾಗಲೆಲ್ಲ ಕಾಕು ಎದ್ದು ಹೊರಗೆ ಬಂದು ಕೇಳಿ ಹೋಗುವುದು. "ಎರಡನೇ ವರ್ಷ ಅವರು ಬರೂದ ಬಿಟ್ರು, ನಾನೂ ಎದ್ದು ಹೊರಗ ಹೋಗೂದ ಬಿಟ್ಟೆ" ಎಂದು ನಗುತ್ತಾರೆ. ನಾಲ್ಕನೇ ವರ್ಷಕ್ಕೆ ಅಂಗನವಾಡಿಯ ಆಹಾರದ ಲೆಕ್ಕ, ಹಾಸ್ಟೆಲಿನ ಅಕ್ಕಿ ಚೀಲದ ಲೆಕ್ಕ ಕೇಳಲು ಶುರು ಮಾಡಿದರು. ಅಧಿಕಾರಿಗಳು ಅವರು ಬಂದರೆಂದರೆ ಕಡತ ಹುಡುಕುವಂತಾಯಿತು. ಐದನೇ ವರ್ಷ ಅವಧಿ ಮುಗಿಯಿತು. ಜಿಲ್ಲಾ ಪಂಚಾಯತಿಗೆ ನಿಲ್ಲಬೇಕೆಂದಿದ್ದರು. ಅರ್ಜಿಗೆ ಬೇಕಾದ ಕಾಗದಪತ್ರಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟರು. ಚೀಲ ಅಲ್ಲೇ ಇದೆ. ಆ ನಾಲ್ಕು ವರ್ಷದ ಕಲಿಕೆಗೆ ಸರ್ಕಾರ ಖರ್ಚು ಮಾಡಿದ ಹಣ, ಆ ಹೆಂಗಸು ಖರ್ಚು ಮಾಡಿದ ಧೈರ್ಯ, ಎರಡೂ ಆ ಟ್ರಂಕಿನಲ್ಲಿವೆ. ಇಂಥ ಟ್ರಂಕುಗಳು ರಾಜ್ಯದಲ್ಲಿ ಎಷ್ಟಿರಬಹುದೆಂದು ಯಾರೂ ಎಣಿಸುವುದಿಲ್ಲ.

"ತಾಲೂಕು ಪಂಚಾಯತಿಯಿಂದ ಏನಾಗಬೇಕಿದೆ, ಅದಕ್ಕೆ ಅಧಿಕಾರವಾದರೂ ಎಲ್ಲಿದೆ?" ಎಂದು ಕೇಳುವ ಜಾಣರನ್ನು ಕ್ಯಾಂಟೀನಿನಲ್ಲಿ ದಿನಾ ನೋಡುತ್ತೇನೆ. ಅಧಿಕಾರವನ್ನು ಬರಿದು ಮಾಡಿದವರು ಯಾರೋ, ಈಗ ಬರಿದಾಗಿದೆ ಎಂದು ಮುಚ್ಚಲು ಹೊರಟವರೂ ಅವರೇ. 2021ರಲ್ಲಿ ತಾಲೂಕು ಪಂಚಾಯತಿಯನ್ನೇ ತೆಗೆದುಹಾಕುವ ಮಾತು ಸರ್ಕಾರದೊಳಗಿಂದಲೇ ಬಂದಿತ್ತು. 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ರಾಜ್ಯ ನಡುವಿನ ಹಂತವನ್ನು ಕೈಬಿಡುವಂತಿಲ್ಲ ಎಂದು 243ಬಿ ವಿಧಿ ಹೇಳುತ್ತದೆ ಎಂಬುದು ಆಮೇಲೆ ನೆನಪಾಗಿರಬೇಕು, ಮಾತು ಅಲ್ಲಿಗೆ ನಿಂತಿತು. ಕಾನೂನಿನಿಂದ ತೆಗೆಯಲಾಗದ್ದನ್ನು ಚುನಾವಣೆ ನಡೆಸದೆಯೇ ತೆಗೆದಿದ್ದಾರೆ ಎಂದು ನಾನು ಹೇಳಿದರೆ ಅತಿಯಾಯಿತೇ? ಜಿಲ್ಲಾ ಪಂಚಾಯತಿಯ ಕೈಕೆಳಗೆ ಪ್ರಾಥಮಿಕ ಶಾಲೆಗಳಿವೆ, ಆರೋಗ್ಯ ಕೇಂದ್ರಗಳಿವೆ, ಕುಡಿಯುವ ನೀರಿದೆ. ನಮ್ಮೂರ ಶಾಲೆಯ ಎರಡು ಕೋಣೆ ಮಳೆಗಾಲದಲ್ಲಿ ಸೋರುತ್ತವೆ. ಮೊದಲಾದರೆ ಸದಸ್ಯನ ಮನೆ ಮುಂದೆ ಹೋಗಿ ನಿಲ್ಲಬಹುದಿತ್ತು, ಬೈಯಬಹುದಿತ್ತು, ಮುಂದಿನ ಸಲ ನೋಡಿಕೊಳ್ಳುತ್ತೇವೆ ಎನ್ನಬಹುದಿತ್ತು. ಆಡಳಿತಾಧಿಕಾರಿಗೆ 'ಮುಂದಿನ ಸಲ' ಎನ್ನುವುದಿಲ್ಲ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರು ಉತ್ತರ ಕೊಡಬೇಕಾದದ್ದು ಮೇಲಿನವರಿಗೆ, ನಮಗಲ್ಲ. ಹಣಕಾಸು ಆಯೋಗದ ಅನುದಾನ ಬರುವುದೂ ಚುನಾಯಿತ ಸಂಸ್ಥೆ ಇದ್ದರೆ ಮಾತ್ರ. ಅಂದರೆ ಚುನಾವಣೆ ತಪ್ಪಿಸಿದ್ದಕ್ಕೆ ನಮ್ಮ ಪಾಲಿನ ದುಡ್ಡೂ ತಪ್ಪಿದೆ.

ಮೇಲ್ಮನೆಯವರೆಗೂ ಇದರ ಬಿಸಿ ಹೋಗಿದೆ, ಯಾರಿಗೂ ಸುಡಲಿಲ್ಲ ಅಷ್ಟೆ. ವಿಧಾನ ಪರಿಷತ್ತಿನ 25 ಸದಸ್ಯರನ್ನು ಆರಿಸುವುದು ಸ್ಥಳೀಯ ಸಂಸ್ಥೆಗಳ ಸದಸ್ಯರು. 2021ರ ಡಿಸೆಂಬರ್ 10ರಂದು ಆ ಚುನಾವಣೆ ನಡೆದಾಗ ರಾಜ್ಯದಲ್ಲಿ ಜಿಲ್ಲಾ ಪಂಚಾಯತ್ ಸದಸ್ಯ ಎನ್ನುವ ಪ್ರಾಣಿಯೇ ಇರಲಿಲ್ಲ. ಇಲ್ಲದ ಸದಸ್ಯರನ್ನು ಬಿಟ್ಟು ಉಳಿದವರು ಆರಿಸಿದರು.

ಬೆಂಗಳೂರಿನ ಗೆಳೆಯರು ಇದು ಹಳ್ಳಿಯವರ ತಕರಾರು ಎಂದುಕೊಳ್ಳಬೇಡಿ. ನಿಮ್ಮ ಪಾಲಿಕೆಯ ಕೊನೆಯ ಚುನಾವಣೆ 2015ರ ಆಗಸ್ಟ್‌ನಲ್ಲಿ. ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಈಗ ನಗರವನ್ನು ಐದು ಪಾಲಿಕೆಗಳಾಗಿ ಸೀಳಿದ್ದಾರೆ. ಪಾಲಿಕೆ ಐದಾದರೂ ಕಾರ್ಪೊರೇಟರ್ ಒಬ್ಬನೂ ಇಲ್ಲ. ನೀವು ನಮಗಿಂತ ಹಿರಿಯ ಸಂತ್ರಸ್ತರು.

ಈ ವರ್ಷವಿಡೀ ನಾವು ಕೇಳಿದ ದೊಡ್ಡ ಮಾತು 'ಮತಗಳ್ಳತನ'. ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದೊಡ್ಡ ಸಭೆ ಆಯಿತು. ಆಳಂದದ ಪ್ರಕರಣ ಗಂಭೀರವಾದದ್ದು: ಮತದಾರರ ಹೆಸರು ತೆಗೆಯಲು ಬಂದ 6,018 ಅರ್ಜಿಗಳಲ್ಲಿ ನಿಜವಾದವು 24 ಮಾತ್ರ ಎಂದು ಚುನಾವಣಾ ಅಧಿಕಾರಿಗಳೇ ಹೇಳಿದ್ದಾರೆ. ಬಿಹಾರದ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಆ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಇವುಗಳ ವಿರುದ್ಧ ಎದ್ದ ದನಿಯ ಜೊತೆ ನನ್ನದೂ ಇದೆ. ಒಬ್ಬನ ಹೆಸರು ಅಳಿಸಿದರೂ ಅದು ಕಳ್ಳತನವೇ. ನನ್ನ ಪ್ರಶ್ನೆ ಆ ವೇದಿಕೆಯ ಮೇಲಿದ್ದವರಿಗೆ. 6,018 ಹೆಸರು ತೆಗೆಯಲು ಯತ್ನಿಸಿದ್ದು ಕಳ್ಳತನವಾದರೆ, ಪಟ್ಟಿಯಲ್ಲಿ ಹೆಸರು ಭದ್ರವಾಗಿಟ್ಟು ಇಡೀ ರಾಜ್ಯದ ಹಳ್ಳಿಗಳ ಮತದಾರರಿಗೆ ಮತಗಟ್ಟೆಯನ್ನೇ ತೆರೆಯದಿರುವುದಕ್ಕೆ ನಿಮ್ಮ ನಿಘಂಟಿನಲ್ಲಿ ಯಾವ ಪದವಿದೆ? ಎದುರಿಗಿರುವ ಪಕ್ಷವೂ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಏಕೆಂದರೆ ಮೊದಲ ಬೀಗ ಹಾಕಿದವರು ಅವರು. ಇಬ್ಬರ ನಡುವೆ ಒಪ್ಪಂದವಾಗಿರುವ ಅಪರೂಪದ ವಿಷಯ ಇದು.

ಒಪ್ಪಂದದ ಕಾರಣ ಗುಟ್ಟಿನದೇನಲ್ಲ. ಗೆದ್ದ ಜಿಲ್ಲಾ ಪಂಚಾಯತ್ ಸದಸ್ಯ ಮುಂದಿನ ಶಾಸಕ ಸ್ಥಾನದ ಆಕಾಂಕ್ಷಿ. ಕಾಮಗಾರಿಯ ಪಟ್ಟಿಯಲ್ಲಿ ಪಾಲು ಕೇಳುವವನು. ಅವನಿಲ್ಲದಿದ್ದರೆ ತಾಲೂಕಿಗೆ ಒಬ್ಬನೇ ದೊರೆ. ಶಾಸಕರು ಪಕ್ಷಾತೀತವಾಗಿ ಮೌನವಾಗಿರುವುದನ್ನು ನೋಡಿದಾಗ ನನಗೆ ಬೇರೆ ಯಾವ ವಿವರಣೆಯೂ ಹೊಳೆಯುವುದಿಲ್ಲ.

ಇಷ್ಟಾದರೂ ಸಂವಿಧಾನದ ರಕ್ಷಣೆ ಏಕೆ ಕೆಲಸ ಮಾಡಲಿಲ್ಲ? ಕಾನೂನು ನನ್ನ ವಿಷಯವಲ್ಲ, ಓದಿದಷ್ಟು ಹೇಳುತ್ತೇನೆ. ಮತದಾನ ಮೂಲಭೂತ ಹಕ್ಕಲ್ಲ, ಕಾಯ್ದೆ ಕೊಟ್ಟ ಹಕ್ಕು ಎಂದು 1952ರ ಪೊನ್ನುಸ್ವಾಮಿ ಪ್ರಕರಣದಿಂದ ನ್ಯಾಯಾಲಯಗಳು ಹೇಳುತ್ತ ಬಂದಿವೆ. ಆಮೇಲೆ ಆ ನಿಲುವು ಅಲ್ಲಲ್ಲಿ ಸಡಿಲವಾಗಿದೆ. 2015ರ ರಾಜಬಾಲಾ ಪ್ರಕರಣದಲ್ಲಿ ಸಂವಿಧಾನಾತ್ಮಕ ಹಕ್ಕು ಎಂದರು. 2023ರ ಅನೂಪ್ ಬರನ್ವಾಲ್ ಪ್ರಕರಣದಲ್ಲಿ ಒಬ್ಬ ನ್ಯಾಯಮೂರ್ತಿ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಅದನ್ನು ಮೂಲಭೂತ ಹಕ್ಕುಗಳ ಸಾಲಿಗೇ ತಂದರು. ವಯಸ್ಕ ಮತಾಧಿಕಾರ ಕೊಡುವ 326ನೇ ವಿಧಿಯಂತೂ ಲೋಕಸಭೆ, ವಿಧಾನಸಭೆಗಳ ಹೆಸರು ಮಾತ್ರ ಹೇಳುತ್ತದೆ. ಆದರೆ ಹಳ್ಳಿಯ ಮಟ್ಟಿಗೆ ಗಂಟು ಇರುವುದು ಬೇರೆಡೆ. 243ಕೆ ವಿಧಿ ಚುನಾವಣೆ ನಡೆಸುವ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಕೊಡುತ್ತದೆ. ಚುನಾವಣೆಗೆ ಮೊದಲು ಬೇಕಾದ ವಿಂಗಡಣೆ, ಮೀಸಲಾತಿ ಪಟ್ಟಿ ಎರಡೂ ನಮ್ಮಲ್ಲಿ ಸರ್ಕಾರದ ಕೈಯಲ್ಲಿವೆ. ಅಡುಗೆ ಮಾಡುವವಳು ಒಬ್ಬಳು, ಉಗ್ರಾಣದ ಕೀಲಿಕೈ ಇನ್ನೊಬ್ಬಳ ಸೆರಗಿನಲ್ಲಿ. ಆಯೋಗವೇ ಸರ್ಕಾರದ ವಿರುದ್ಧ ಹೈಕೋರ್ಟಿಗೆ ಹೋಗಬೇಕಾಯಿತು. ಸರ್ಕಾರ ಪ್ರತಿಸಲ ಕಾಲಾವಕಾಶ ಕೇಳುತ್ತದೆ, ಪ್ರತಿಸಲ ಸಿಗುತ್ತದೆ. 243ಇ ಗಡುವು ಹೇಳುತ್ತದೆ. ಮೀರಿದರೆ ಏನು ಎಂದು ಹೇಳುವುದಿಲ್ಲ.

ಬೇರೆ ದಾರಿ ಇಲ್ಲ ಎಂದಲ್ಲ. ಇದೇ ತಿಂಗಳು, ಡಿಸೆಂಬರ್ 11ರಂದು ಕಾಸರಗೋಡಿನಲ್ಲಿ ಮತದಾನ ನಡೆಯಿತು. ಮಂಜೇಶ್ವರ ಕಡೆಯ ನನ್ನ ಗೆಳತಿ, ಕನ್ನಡ ಎಂ.ಎ. ಓದಿದವಳು, ಫೋನ್ ಮಾಡಿ "ಮೂರು ಮತ ಹಾಕಿ ಬಂದೆ ಮಾರಾಯ್ತಿ" ಎಂದಳು: ಗ್ರಾಮಕ್ಕೊಂದು, ಬ್ಲಾಕಿಗೊಂದು, ಜಿಲ್ಲೆಗೊಂದು. ಕೇರಳದಲ್ಲಿ 1995ರಿಂದ ಐದೈದು ವರ್ಷಕ್ಕೊಮ್ಮೆ ಇದು ನಡೆದುಕೊಂಡೇ ಬಂದಿದೆ, 2020ರ ಕೋವಿಡ್ ವರ್ಷವೂ ಸೇರಿ. ಅಲ್ಲಿ ಕ್ಷೇತ್ರ ವಿಂಗಡಣೆಯ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕಿತ್ತು ಎಂದು ನಾವು ಎಪ್ಪತ್ತು ವರ್ಷದಿಂದ ಕೊರಗುತ್ತಿದ್ದೇವೆ. ಸೇರಿದ್ದರೆ ನನ್ನ ಗೆಳತಿಗೆ ಎರಡು ಮತ ಕಡಿಮೆಯಾಗುತ್ತಿತ್ತು.

ನಾವೂ ಮಾಡಬಹುದಾದದ್ದು ಅಸಾಧ್ಯವೇನಲ್ಲ. ವಿಂಗಡಣೆ, ಮೀಸಲಾತಿ ಎರಡನ್ನೂ ಕಾಯ್ದೆ ಬದಲಿಸಿ ಆಯೋಗಕ್ಕೆ ಮರಳಿಸಬೇಕು. ಅವಧಿ ಮುಗಿಯುವ ಆರು ತಿಂಗಳ ಮೊದಲು ಹೊಸ ಪಟ್ಟಿ ಬರದಿದ್ದರೆ ಹಳೆಯ ಪಟ್ಟಿಯಲ್ಲೇ ಚುನಾವಣೆ ಎಂದು ಬರೆಯಬೇಕು. ಹಾಗೆ ಬರೆದ ಮರುದಿನವೇ ಎಲ್ಲ ಕಡತಗಳಿಗೂ ಕಾಲು ಬರುತ್ತವೆ.

ಸಾಹಿತ್ಯದ ನಮ್ಮ ಮಂದಿಗೂ ಒಂದು ಮಾತು ಹೇಳಿಬಿಡುತ್ತೇನೆ, ನನ್ನನ್ನೂ ಸೇರಿಸಿಕೊಂಡೇ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತು. ಕನಕದಾಸರ, ಶರೀಫರ, ಸರ್ವಜ್ಞನ ನಾಡು ಎಂದು ಕಮಾನುಗಳ ಮೇಲೆಲ್ಲ ಬರೆದಿತ್ತು. ಮೂರು ದಿನವೂ ಪುಸ್ತಕ ಮಳಿಗೆ ಸುತ್ತಿದೆ, ಗೋಷ್ಠಿಗಳಲ್ಲಿ ಕುಳಿತೆ, ಪ್ರಭುತ್ವದ ಬಗ್ಗೆ ಪದ್ಯ ಕೇಳಿ ಚಪ್ಪಾಳೆ ತಟ್ಟಿದೆ. ಆಗ ಆ ಜಿಲ್ಲೆಗೆ ಚುನಾಯಿತ ಜಿಲ್ಲಾ ಪಂಚಾಯತ್ ಇಲ್ಲದೆ ಒಂದೂವರೆ ವರ್ಷವಾಗಿತ್ತು. ನನಗೆ ಒಂದು ಕ್ಷಣವೂ ಅದು ಹೊಳೆದಿರಲಿಲ್ಲ. ದಿಲ್ಲಿಯ ಪ್ರಜಾಪ್ರಭುತ್ವ ಅಲುಗಾಡಿದರೆ ನಾವು ಕವಿತೆ ಬರೆಯುತ್ತೇವೆ. ಶಿಗ್ಗಾಂವಿಯದು ಬಿದ್ದರೆ ಅದು 'ಆಡಳಿತಾತ್ಮಕ ವಿಳಂಬ'.

ಹೋದ ವಾರ ಅಜ್ಜನ ಮನೆಗೆ ಮತ್ತೆ ಹೋಗಿದ್ದೆ. 2020ರ ಡಿಸೆಂಬರ್‌ನಲ್ಲಿ ಆರಿಸಿದ ಗ್ರಾಮ ಪಂಚಾಯತಿಗಳ ಐದು ವರ್ಷವೂ ಇನ್ನು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಅಜ್ಜನಿಗೆ ಅದು ಗೊತ್ತಿತ್ತು. ಡಪ್ಪು ಬಿಸಿಲಿಗಿಟ್ಟು ಕಾಯಿಸುತ್ತ ಕೇಳಿದರು, "ಊರಿನ ನುಡಿ ಇಟ್ಟಕೊಳ್ಳಲ್ಯೋ ಬಿಡಲ್ಯೋ, ತಂಗಿ?"

ಇರಲಿ, ಹಾಡ್ರಿ ಎಂದೆ. ನಡುವಿನ ಎರಡು ನುಡಿಗಳನ್ನೂ ಸೇರಿಸಿಯೇ ಹಾಡಿ ಎಂದು ಕೇಳಿಕೊಂಡೆ. ತಾಲೂಕಿನ ನುಡಿಯ ನಡುವೆ ಒಂದು ಸಾಲು ಅವರಿಗೆ ಮರೆತುಹೋಗಿತ್ತು. ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆರೆದು ನಾನೇ ಓದಿ ಹೇಳಿದೆ.